ಯೋಗವಿಲ್ಲದ ಕ್ಷೇಮ

ಕಳೆದ ತಿಂಗಳ ಒಂದು ಸಂಜೆ ನಮ್ಮೂರ ಸೇವಾ ಸಹಕಾರಿ ಸಂಘದ ಜಗಲಿಯ ಮೇಲೆ ನಡೆದ ಮಾತುಕತೆಯು ಈ ಲೇಖನಕ್ಕೆ ನಿಮಿತ್ತವಾಯಿತು. ಯಶಸ್ವಿನಿ ಯೋಜನೆಯ ವರ್ಗಣಿಯನ್ನು ಕಟ್ಟಬೇಕೆ, ಬಿಡಬೇಕೆ ಎಂಬುದು ಅಲ್ಲಿಯ ಚರ್ಚೆಯ ವಿಷಯ. ಹಳ್ಳಿಯ ಸದಸ್ಯನ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಐದನೆಯವರಿಂದ ಮುಂದಕ್ಕೆ ತಲೆಗೆ 100 ರೂಪಾಯಿ. ಮೊಬಲಗೇನೂ ದೊಡ್ಡದಲ್ಲ. ಆದರೂ ನೆರೆದಿದ್ದ ಏಳೆಂಟು ಜನರಲ್ಲಿ ಮೂರು ಮತಗಳು ಹುಟ್ಟಿದವು. ವಿಮೆಯೆಂಬುದೇ ಒಂದು ಬಗೆಯ ಜೂಜು, ಕಾಯಿಲೆ ಬಾರದಿದ್ದರೆ ಕಟ್ಟಿದ ಹಣ ನೀರಿನಲ್ಲಿ ಹಾಕಿದಂತೆ ಎಂದರು ಒಬ್ಬ ಹಿರಿಯರು. ಬಡವರಿಗೆ ಸರಕಾರದ ಕಾರ್ಡು ಇದೆ, ಅನುಕೂಲವಂತರು ಕಂಪನಿಯ ಪಾಲಿಸಿಯನ್ನು ಕೊಳ್ಳಲಿ, ನಡುವೆ ಈ ಯಶಸ್ವಿನಿಯ ಪ್ರಯೋಜನವೇನು ಎಂದು ಎರಡನೆಯವರು ಕೇಳಿದರು. ಮೂರನೆಯವರು ಸುಶಿಕ್ಷಿತರು, ಪಟ್ಟಣದಲ್ಲಿ ನೌಕರಿ ಮಾಡಿ ನಿವೃತ್ತರಾಗಿ ಬಂದವರು. ಅವರ ಸಿದ್ಧಾಂತವು ಇದು: ಸರಕಾರವು ದವಾಖಾನೆ ಕಟ್ಟುವ ಉಸಾಬರಿಯನ್ನು ಬಿಟ್ಟು ಪ್ರತಿಯೊಬ್ಬನ ಕೈಗೂ ಒಂದು ಕಾರ್ಡನ್ನು ಕೊಟ್ಟುಬಿಡಲಿ, ಹಣವಿರುವಲ್ಲಿಗೆ ದವಾಖಾನೆಯು ತಾನಾಗಿಯೇ ಬರುತ್ತದೆ.

ಮೊದಲನೆಯವರೊಡನೆ ನನಗೆ ಜಗಳವಿಲ್ಲ. ಎರಡನೆಯವರಿಗೆ ಉತ್ತರವನ್ನು ಕೊಡಬಹುದು. ಮೂರನೆಯವರ ಮತವು ಮಾತ್ರ ಅಪಾಯಕರವಾದದ್ದು. ಏಕೆಂದರೆ ಅದು ನಮ್ಮ ಜಗಲಿಯ ಮತವಷ್ಟೇ ಅಲ್ಲ. ಕಳೆದ ಇಪ್ಪತ್ತು ವರ್ಷಗಳಿಂದ ರಾಜ್ಯಗಳ ಮತ್ತು ಕೇಂದ್ರದ ಸರಕಾರಗಳು, ಪಕ್ಷ ಯಾವುದೇ ಇರಲಿ, ಹೆಚ್ಚುಕಡಿಮೆ ಈ ಮತವನ್ನೇ ಅನುಸರಿಸುತ್ತ ಬಂದಿವೆ.

ಯೋಗಕ್ಷೇಮವೆಂಬ ಮಾತನ್ನು ನಾವು ಕಾಗದದ ಮೊದಲನೆಯ ಸಾಲಿನಲ್ಲಿ ಬರೆದು ಬರೆದು ಸವೆಸಿಬಿಟ್ಟಿದ್ದೇವೆ. ಭಾರತೀಯ ಜೀವವಿಮಾ ನಿಗಮವು ತನ್ನ ಲಾಂಛನದ ಕೆಳಗೆ ಗೀತೆಯಿಂದ ಆರಿಸಿ ಬರೆಸಿಕೊಂಡದ್ದೂ ಇದೇ ಮಾತನ್ನು. ಆದರೆ ಪಾಠಶಾಲೆಯಲ್ಲಿ ನಮ್ಮ ಗುರುಗಳು ಈ ಸಮಾಸವನ್ನು ಬಿಡಿಸದೆ ಮುಂದಕ್ಕೆ ಹೋಗಗೊಡುತ್ತಿರಲಿಲ್ಲ. ಇಲ್ಲದುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ವಿಮೆಯು ಕ್ಷೇಮದ ವ್ಯವಸ್ಥೆ. ಮನೆಯಲ್ಲಿದ್ದ ನಾಲ್ಕು ಕಾಸು ಒಂದು ಕಾಯಿಲೆಯ ದೆಸೆಯಿಂದ ಕರಗಿಹೋಗದಂತೆ ಅದು ಕಾಯುತ್ತದೆ, ಕಾಯಲೇಬೇಕು. ಆದರೆ ವೈದ್ಯನು, ಔಷಧವು, ಶಸ್ತ್ರಚಿಕಿತ್ಸೆಯ ಕೋಣೆಯು ಇವು ಯೋಗಕ್ಕೆ ಸೇರಿದವು. ಯೋಗವಿಲ್ಲದ ಕಡೆ ಕ್ಷೇಮವನ್ನು ಹಂಚುವುದೆಂದರೆ ತೋಟವಿಲ್ಲದವನಿಗೆ ಬೇಲಿಯನ್ನು ಕೊಟ್ಟಂತೆ.

ಯಶಸ್ವಿನಿಯ ಚರಿತ್ರೆಯನ್ನು ಮೊದಲು ಹೇಳಬೇಕು. ತರುಣ ವಾಚಕರಿಗೆ ಅದರ ಮೂಲವು ತಿಳಿದಿರಲಾರದು. ಹೃದಯರೋಗದ ಶಸ್ತ್ರವೈದ್ಯರಾದ ಡಾ. ದೇವಿಪ್ರಸಾದ ಶೆಟ್ಟಿಯವರ ಕಲ್ಪನೆ, ರಾಜ್ಯದ ಸಹಕಾರ ಖಾತೆಯ ಜಾಲ, ಇವೆರಡೂ ಕೂಡಿ ಹುಟ್ಟಿದ ಯೋಜನೆಯಿದು. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ 2002ನೆಯ ಇಸವಿಯ ನವೆಂಬರಿನಲ್ಲಿ ಉದ್ಘಾಟನೆಯಾಗಿ, 2003ರ ಜೂನ್ 1ರಿಂದ ಕಾರ್ಯಕ್ಕೆ ಬಂತು. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಆ ಮೊದಲ ವರ್ಷ ಸರಕಾರವು ತಲೆಗೆ 30 ರೂಪಾಯಿ ಸೇರಿಸಿತು. ಸುಮಾರು 1600 ಬಗೆಯ ಶಸ್ತ್ರಚಿಕಿತ್ಸೆಗಳು ಅದರ ವ್ಯಾಪ್ತಿಗೆ ಬಂದವು. ಸೇರಿದವರು ಎಷ್ಟು ಜನ? ಮೊದಲನೆಯ ವರ್ಷದಲ್ಲಿಯೇ ಸುಮಾರು 16 ಲಕ್ಷ. ಎರಡನೆಯ ವರ್ಷ 20 ಲಕ್ಷವನ್ನು ದಾಟಿತು. ಯಾವ ಕಂಪನಿಯ ಏಜೆಂಟನೂ ಹೊಸ್ತಿಲು ತುಳಿಯದಿದ್ದ ಮನೆಗಳಿಗೆ ಸೊಸೈಟಿಯ ಸೆಕ್ರೆಟರಿಯು ಹೋಗಿ ರಸೀದಿಯನ್ನು ಹರಿದುಕೊಟ್ಟನು.

ನಮ್ಮ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ ಗಾಳಿ ಘಟ್ಟದ ಸೆರಗಿಗೂ ಬೀಸಿತ್ತು. ಶಿರಸಿಯ ತೋಟಿಗರ ಮಾರಾಟ ಸಂಘವು 1923ರಲ್ಲಿ ಹುಟ್ಟಿದ್ದು. ಕಡವೆ ಶ್ರೀಪಾದ ಹೆಗಡೆಯವರ ಹೆಸರನ್ನು ಇಂದಿಗೂ ನಮ್ಮ ಮನೆಗಳಲ್ಲಿ ಗೌರವದಿಂದ ಹೇಳುತ್ತಾರೆ. ದಲ್ಲಾಳಿಯ ಬಾಯಿಂದ ಅಡಿಕೆಯನ್ನು ಬಿಡಿಸಿಕೊಂಡ ಜನಕ್ಕೆ ಕಾಯಿಲೆಯನ್ನೂ ಹತ್ತು ಮನೆ ಕೂಡಿ ಎದುರಿಸಬಹುದೆಂಬುದು ಹೊಸ ಉಪದೇಶವಾಗಿರಲಿಲ್ಲ. ಜೂಜೆಂದು ಹೇಳಿದ ಹಿರಿಯರಿಗೆ ಇಷ್ಟೇ ನನ್ನ ವಿಜ್ಞಾಪನೆ: ಜೂಜಿನಲ್ಲಿ ಒಬ್ಬನ ಲಾಭವು ಇನ್ನೊಬ್ಬನ ಹಾಳು, ಇಲ್ಲಿಯಾದರೋ ನಿಮ್ಮ ಹಣ ಹೋದ ವರ್ಷವೇ ನಿಮ್ಮ ಒಳ್ಳೆಯ ವರ್ಷ.

ಆದರೆ ಮೂರನೆಯ ವರ್ಷದಲ್ಲಿ ಆದದ್ದನ್ನು ಗಮನಿಸಬೇಕು. ವೆಚ್ಚವು ಹೆಚ್ಚಿತೆಂದು 2005ರಲ್ಲಿ ವರ್ಗಣಿಯನ್ನು 120 ರೂಪಾಯಿಗೆ ಏರಿಸಿದರು. ಸದಸ್ಯರ ಸಂಖ್ಯೆಯು 15 ಲಕ್ಷಕ್ಕಿಂತ ಕೆಳಗಿಳಿಯಿತು. ಬಿಟ್ಟುಹೋದವರು ಯಾರು? ರೋಗಿಯು ಬಿಡುವುದಿಲ್ಲ, ಅವನು ಸಾಲ ಮಾಡಿಯಾದರೂ ವರ್ಗಣಿಯನ್ನು ಕಟ್ಟುತ್ತಾನೆ. ಬಿಡುವವನು ಗಟ್ಟಿಮುಟ್ಟಾದವನು, ತನಗೇಕೆ ಎನ್ನುವವನು. ಅವನು ಹೋದನೆಂದರೆ ಉಳಿದವರ ಸರಾಸರಿ ವೆಚ್ಚವು ಮತ್ತೂ ಏರುತ್ತದೆ. ಏರಿದರೆ ವರ್ಗಣಿಯನ್ನು ಮತ್ತೆ ಏರಿಸಬೇಕು. ಏರಿಸಿದರೆ ಇನ್ನಷ್ಟು ಜನ ಹೊರಡುತ್ತಾರೆ. ವಿಮೆಯ ಶಾಸ್ತ್ರವೆಲ್ಲ ಈ ಒಂದು ಸುಳಿಯಿಂದ ತಪ್ಪಿಸಿಕೊಳ್ಳುವ ಉಪಾಯವೇ ಆಗಿದೆ. ತಪ್ಪಿಸಿಕೊಳ್ಳುವ ದಾರಿಗಳೂ ಹೆಚ್ಚಿಲ್ಲ: ಎಲ್ಲರನ್ನೂ ಕಡ್ಡಾಯವಾಗಿ ಸೇರಿಸಬೇಕು, ಇಲ್ಲವೆ ಸರಕಾರವು ಕೊರತೆಯನ್ನು ತುಂಬಬೇಕು, ಇಲ್ಲವೆ ರೋಗಿಯನ್ನು ಬಾಗಿಲಲ್ಲಿಯೇ ನಿಲ್ಲಿಸಬೇಕು. ಮೂರನೆಯದು ಕಂಪನಿಗಳಿಗೆ ಬಹಳ ಕಾಲ ಪ್ರಿಯವಾಗಿದ್ದ ದಾರಿ.

ಅಂತೂ ಏಳುತ್ತ ಬೀಳುತ್ತ ಯಶಸ್ವಿನಿಯು 15 ವರ್ಷ ನಡೆಯಿತು. 2018ರ ಮಾರ್ಚಿನಲ್ಲಿ ಸರಕಾರವು 'ಆರೋಗ್ಯ ಕರ್ನಾಟಕ'ವೆಂಬ ಸುಧಾರಣೆಯನ್ನು ಘೋಷಿಸಿತು. ಚೆದರಿಹೋಗಿದ್ದ ಹತ್ತಾರು ಯೋಜನೆಗಳನ್ನು ಒಂದೇ ಚಾವಡಿಯ ಕೆಳಗೆ ತರುವ ಉದ್ದೇಶವು ಕೇಳುವುದಕ್ಕೆ ಸೊಗಸಾಗಿತ್ತು. ಆ ವರ್ಷದ ಸೆಪ್ಟೆಂಬರ್ 23ಕ್ಕೆ ಕೇಂದ್ರದ ಆಯುಷ್ಮಾನ್ ಭಾರತವು ಬಂತು. ಅಕ್ಟೋಬರದ ಕೊನೆಗೆ ಎರಡೂ ಕೂಡಿದವು. ಬಿ.ಪಿ.ಎಲ್. ಚೀಟಿಯವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಉಚಿತ. ಇದನ್ನು ಯಾರೂ ಹಳಿಯಲಾರರು, ನಾನಂತೂ ಹಳಿಯುವುದಿಲ್ಲ. ಆದರೆ ಬಿ.ಪಿ.ಎಲ್. ಅಲ್ಲದವರಿಗೆ? ಗೊತ್ತುಮಾಡಿದ ದರದ ನೂರಕ್ಕೆ 30 ಪಾಲು ಸರಕಾರದ್ದು, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ; ಮಿಕ್ಕಿದ್ದು ರೋಗಿಯ ಪಾಲು. ಇದರೊಡನೆಯೇ 2018ರ ಮೇ ಮುಗಿದಂತೆ ಯಶಸ್ವಿನಿಯು ನಿಂತುಹೋಯಿತು.

ನಮ್ಮ ಮೂರು ತಾಲೂಕುಗಳ ತೋಟಿಗನ ಸ್ಥಿತಿಯನ್ನು ಬಲ್ಲವರಿಗೆ ಇದರ ಅರ್ಥವು ಕೂಡಲೇ ಹೊಳೆಯುತ್ತದೆ. ಒಂದೆಕರೆ ಅಡಿಕೆ ತೋಟವಿದ್ದು, ಮೇಲಣ ಬೆಟ್ಟದಲ್ಲಿ ಸೊಪ್ಪಿನ ಹಕ್ಕಿದ್ದು, ಹಂಚಿನ ಮನೆಯೊಂದಿದ್ದರೆ ಸರಕಾರದ ಕಣ್ಣಿಗೆ ಅವನು ಸ್ಥಿತಿವಂತ. ಕೊಳೆ ರೋಗವು ಬಂದು ಅರ್ಧ ಫಸಲು ಮರದಿಂದ ಉದುರಿದ ವರ್ಷವೂ ಅವನು ಸ್ಥಿತಿವಂತನೇ. ಬಡವನಿಗಿರುವ ಕಾರ್ಡು ಅವನಿಗಿಲ್ಲ; ಧನಿಕನಿಗಿರುವ ಗಂಟು ಅವನಿಗಿಲ್ಲ. ಇಂಥವನಿಗಾಗಿ ಇದ್ದದ್ದೇ ಯಶಸ್ವಿನಿ. ದಾನವಾಗಿ ಅಲ್ಲ, ತಾನೂ ಕಟ್ಟಿ ಪಡೆದ ಹಕ್ಕಾಗಿ ಇತ್ತು.

ಸ್ವಂತದ ಮಾತನ್ನು ಪತ್ರಿಕೆಯಲ್ಲಿ ತರುವುದು ನನ್ನ ರೂಢಿಯಲ್ಲ, ವಾಚಕರು ಮನ್ನಿಸಬೇಕು. 2019ರ ಆಷಾಢದ ಒಂದು ರಾತ್ರಿ ನನ್ನ ತಮ್ಮನಿಗೆ ಎದೆ ಹಿಡಿದುಕೊಂಡಿತು. ಯಶಸ್ವಿನಿಯು ಇದ್ದಷ್ಟು ಕಾಲವೂ ಒಂದು ವರ್ಷ ತಪ್ಪದೆ ವರ್ಗಣಿ ಕಟ್ಟಿದವನು ಅವನು, ಒಮ್ಮೆಯೂ ಅದರಿಂದ ಕಾಸು ಪಡೆದವನಲ್ಲ. ಹತ್ತಿರದ ವೈದ್ಯರು ಮಾಡಬಹುದಾದದ್ದನ್ನೆಲ್ಲ ಮಾಡಿ, ಇಲ್ಲಿಂದಾಚೆ ನಮ್ಮ ಕೈಯಲ್ಲಿಲ್ಲ, ಘಟ್ಟದಾಚೆಗೆ ಒಯ್ಯಿರಿ ಎಂದರು. ಸುಮಾರು ನೂರು ಕಿಲೋಮೀಟರು. ದಾರಿಯಲ್ಲಿ ಮರವೊಂದು ಅಡ್ಡಬಿದ್ದು ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತೆವು. ಆ ಮುಕ್ಕಾಲು ಗಂಟೆಯಲ್ಲಿ ತಮ್ಮನು ಒಂದೇ ಒಂದು ಸಲ ಮಾತಾಡಿದನು. ಹಟ್ಟಿಯಲ್ಲಿ ಕರುವನ್ನು ಬಿಟ್ಟೇ ಇದ್ದೇನೆ, ಕಟ್ಟಿಸಿ ಎಂದನು. ಬೆಳಗಿನ ಜಾವಕ್ಕೆ ಆ ಪಟ್ಟಣದ ದವಾಖಾನೆಯೊಂದನ್ನು ಮುಟ್ಟಿದೆವು. ಗುಮಾಸ್ತನು ಕಾರ್ಡನ್ನು ಹಿಂದುಮುಂದು ತಿರುಗಿಸಿ ನೋಡಿ, ಇದು ನೂರಕ್ಕೆ ಮೂವತ್ತರದ್ದು ಎಂದು ಹಿಂದಕ್ಕೆ ಕೊಟ್ಟನು. ಅವನದೇನೂ ತಪ್ಪಿಲ್ಲ, ನಿಯಮವೇ ಹಾಗಿತ್ತು. ಅಟ್ಟದಲ್ಲಿದ್ದ ಆರು ಕ್ವಿಂಟಲ್ ಚಾಲಿಯು ಆ ವಾರವೇ ವಿಕ್ರಿಗೆ ಹೋಯಿತು. ತಮ್ಮನು ಬದುಕಿದನು. ಆ ವಿಷಯವನ್ನು ಇಷ್ಟಕ್ಕೇ ಬಿಡುತ್ತೇನೆ.

ಈ ಕಥೆಯಲ್ಲಿ ಎರಡು ಕೊರತೆಗಳು ಇವೆಯೆಂಬುದನ್ನು ವಾಚಕರು ಗಮನಿಸಿರಬಹುದು: ಹಣದ ಕೊರತೆ, ದಾರಿಯ ಕೊರತೆ. ಮೊದಲನೆಯದನ್ನು ಸರಕಾರವು ಅನಂತರ ಒಪ್ಪಿಕೊಂಡಿತು. ಸಹಕಾರಿಗಳ ಕೂಗಿಗೆ ಮಣಿದು 2022ರಲ್ಲಿ ಯಶಸ್ವಿನಿಯನ್ನು ಮತ್ತೆ ಎಬ್ಬಿಸಿದರು. 2023ರ ಜನವರಿ 1ರಿಂದ ಚಿಕಿತ್ಸೆಯು ಆರಂಭವಾಯಿತು. ಕುಟುಂಬಕ್ಕೆ 5 ಲಕ್ಷದವರೆಗೆ ಮಿತಿ. ಪರಿಶಿಷ್ಟರ ವರ್ಗಣಿಯನ್ನು ಸರಕಾರವೇ ಕೊಡುವುದೆಂಬ ಏರ್ಪಾಡು. ಮುಚ್ಚಿದ ಬಾಗಿಲನ್ನು ನಾಲ್ಕು ವರ್ಷಗಳ ಮೇಲೆ ತೆರೆದದ್ದು ಒಳ್ಳೆಯದೇ. ಆದರೆ ಮುಚ್ಚುವಾಗ ಲಕ್ಷಗಟ್ಟಲೆ ಸದಸ್ಯರನ್ನು ಒಂದು ಮಾತು ಕೇಳಿದ್ದುಂಟೆ? ಸಹಕಾರಿಯ ಹಣ, ಸಹಕಾರಿಯ ಯೋಜನೆ. ಎತ್ತುವುದು ಇಳಿಸುವುದು ಮಾತ್ರ ಬೆಂಗಳೂರಿನ ಒಂದು ಆಜ್ಞೆಯಿಂದ!

ಇನ್ನು ಕಂಪನಿಯ ಪಾಲಿಸಿಯನ್ನು ಕೊಳ್ಳಿರಿ ಎಂದ ಎರಡನೆಯ ಮಹಾಶಯರ ಮಾತು. ಪಾಲಿಸಿಯ ವಿಷಯದಲ್ಲಿ ಇತ್ತೀಚೆಗೆ ಒಳ್ಳೆಯ ಸುಧಾರಣೆಗಳು ಬಂದಿವೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ, 65 ವರ್ಷ ದಾಟಿದವರಿಗೆ ಹೊಸ ಪಾಲಿಸಿಯಿಲ್ಲವೆಂಬ ಪದ್ಧತಿಯನ್ನು ತೆಗೆದುಹಾಕಿತು. ಮೊದಲೇ ಇದ್ದ ರೋಗಕ್ಕೆ ಕಾಯಬೇಕಾದ ಅವಧಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. 2025ರ ಜನವರಿಯಲ್ಲಿ, 60 ದಾಟಿದವರ ಕಂತನ್ನು ತನ್ನನ್ನು ಕೇಳದೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಕೂಡದೆಂದು ಆಜ್ಞೆ ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ಕೊಳ್ಳುವ ಆರೋಗ್ಯವಿಮೆಯ ಮೇಲಿನ ನೂರಕ್ಕೆ 18ರ ಜಿ.ಎಸ್.ಟಿ.ಯೂ ಹೋಯಿತು.

ಆದರೆ ಲೆಕ್ಕವನ್ನು ಕಲಿಸಿದ ಮಾಸ್ತರನಿಗೆ ಇಲ್ಲಿ ಸುಮ್ಮನಿರುವುದು ಸಾಧ್ಯವಿಲ್ಲ. ನೂರಕ್ಕೆ ಹತ್ತೆಂಬುದು ಚಿಕ್ಕ ಅಂಕಿಯಂತೆ ಕಾಣುತ್ತದೆ. 30,000 ರೂಪಾಯಿಯ ಕಂತು ವರ್ಷ ವರ್ಷವೂ ಹತ್ತರಂತೆ ಏರಿದರೆ ಎಂಟು ವರ್ಷಕ್ಕೆ 64,000ವನ್ನು ದಾಟುತ್ತದೆ. ಅರುವತ್ತರಲ್ಲಿ ಕಂತು ಕಟ್ಟಿದವನು ಅರುವತ್ತೆಂಟರಲ್ಲಿ ಇಮ್ಮಡಿಯನ್ನು ಕಟ್ಟಬೇಕು. ಗಳಿಕೆಯು ಇಮ್ಮಡಿಯಾಗುವ ವಯಸ್ಸೇ ಅದು? ತೆರಿಗೆಯು ಹೋದದ್ದರಲ್ಲಿಯೂ ಒಂದು ಒಳಸುಳಿಯುಂಟು. ಕಂಪನಿಯು ತಾನು ಬಾಡಿಗೆಗೆ, ದಲ್ಲಾಳಿಗೆ, ಇತರ ಸೇವೆಗಳಿಗೆ ಕೊಟ್ಟ ತೆರಿಗೆಯನ್ನು ಮೊದಲು ನಮ್ಮಿಂದ ಬಂದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಿತ್ತು. ಈಗ ಆ ವಜಾ ಇಲ್ಲ. ಆ ಭಾರವನ್ನು ಅದು ಎಂದಾದರೂ ಕಂತಿನೊಳಗೆ ಸೇರಿಸಲಾರದೆ? ಕಾಯುವ ಅವಧಿಯನ್ನು ಇಳಿಸಿದ್ದೂ, ವೃದ್ಧರಿಗೆ ಬಾಗಿಲು ತೆರೆದದ್ದೂ ನ್ಯಾಯವೇ. ಆದರೆ ಅದರ ವೆಚ್ಚವನ್ನು ಯಾರಾದರೂ ಹೊರಲೇಬೇಕು, ಮತ್ತು ಹೊರುವವರು ಕಂತು ಕಟ್ಟುವವರೇ. ದಯೆಯ ನಿಯಮವೊಂದನ್ನು ಬರೆದು ಅದರ ವೆಚ್ಚವನ್ನು ಬರೆಯದಿದ್ದರೆ ಸುಧಾರಣೆಯು ಅರ್ಧಕ್ಕೇ ನಿಂತಂತೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಆರು ತಿಂಗಳು ಇದ್ದು ಬಂದವರು ನಮ್ಮ ಊರುಗಳಲ್ಲಿ ಈಗ ಅನೇಕರಿದ್ದಾರೆ. ಅಲ್ಲಿಯ ವಿಮೆಯ ಕಥೆಯನ್ನು ಅವರೇ ಹೇಳುತ್ತಾರೆ. 2010ರ ಕಾನೂನಿನಿಂದ, ರೋಗವಿದೆಯೆಂದು ಯಾರನ್ನೂ ಹೊರಗಿಡಕೂಡದೆಂದು ಅಲ್ಲಿ ಗೊತ್ತಾಯಿತು. ಎಲ್ಲರೂ ವಿಮೆಯನ್ನು ಕೊಳ್ಳಬೇಕೆಂದೂ, ಕೊಳ್ಳಲಾರದವರಿಗೆ ಸರಕಾರವು ನೆರವಾಗಬೇಕೆಂದೂ ಗೊತ್ತಾಯಿತು. ಬಡವರ ಯೋಜನೆಯನ್ನು ವಿಸ್ತರಿಸುವುದನ್ನು ಮಾತ್ರ 2012ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆಯಾ ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಕೆಲವು ರಾಜ್ಯಗಳು ಕೇಂದ್ರವು ಕೊಡಬಂದ ಹಣವನ್ನೂ ಬೇಡವೆಂದವು. 2021ರಿಂದ ಹೆಚ್ಚಿಸಿ ಕೊಡುತ್ತಿದ್ದ ನೆರವು 2025ರ ಕೊನೆಗೆ ಮುಗಿಯಿತು. ಅದನ್ನು ನಂಬಿದ್ದವರ ಕಂತು ಒಮ್ಮೆಗೇ ಏರಿತು. ನೆರವಿನಿಂದ ಇಳಿದ ಕಂತು ನೆರವಿನೊಡನೆಯೇ ಏರುತ್ತದೆ. ಚಿಕಿತ್ಸೆಯ ಮೂಲವೆಚ್ಚವು ಇಳಿದಿರುವುದಿಲ್ಲವಷ್ಟೆ. ಅಷ್ಟು ಧನಿಕ ದೇಶವು ಕಾರ್ಡಿನ ದಾರಿಯಲ್ಲಿಯೇ ನಡೆದು ಇಂದಿಗೂ ಊರನ್ನು ಮುಟ್ಟಿಲ್ಲ. ಇಂಗ್ಲಂಡವು 1948ರ ಜುಲೈಯಲ್ಲಿ ಬೇರೆ ದಾರಿಯನ್ನು ಹಿಡಿಯಿತು: ತೆರಿಗೆಯ ಹಣದಿಂದ ದವಾಖಾನೆಗಳನ್ನೇ ತನ್ನವನ್ನಾಗಿ ಮಾಡಿಕೊಂಡಿತು. ಅದರಲ್ಲಿಯೂ ಕಾಯುವವರ ಸಾಲು ಉದ್ದವಾಗಿದೆಯೆಂದು ಕೇಳುತ್ತೇವೆ. ಆದರೆ ಸಾಲು ನಿಲ್ಲುವುದಕ್ಕೆ ಒಂದು ಬಾಗಿಲಾದರೂ ಇದೆ.

ನಮ್ಮ ದೇಶಕ್ಕೂ ಆ ದಾರಿಯನ್ನು ತೋರಿಸಿದವರು ಇಲ್ಲದಿರಲಿಲ್ಲ. 1946ರಲ್ಲಿ ಭೋರ್ ಸಮಿತಿಯು, ಹಣ ಕೊಡಲಾರನೆಂಬ ಕಾರಣದಿಂದ ಯಾವನೊಬ್ಬನೂ ಚಿಕಿತ್ಸೆಗೆ ಎರವಾಗಕೂಡದೆಂದು ಹೇಳಿ, ಹಳ್ಳಿಯ ಆರೋಗ್ಯ ಕೇಂದ್ರದಿಂದ ಜಿಲ್ಲೆಯ ದೊಡ್ಡ ದವಾಖಾನೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ವ್ಯವಸ್ಥೆಯನ್ನು ವಿವರಿಸಿತ್ತು. ಮೊದಲ ಮೆಟ್ಟಿಲನ್ನು ಕಟ್ಟಿದೆವು. ಮೇಲಣ ಮೆಟ್ಟಿಲುಗಳನ್ನು ಕೆಲವೇ ಪಟ್ಟಣಗಳಿಗೆ ಬಿಟ್ಟೆವು. ಕೊನೆಗೆ ಮೆಟ್ಟಿಲು ಕಟ್ಟುವ ಬದಲು ಹತ್ತುವವನಿಗೆ ಭತ್ಯೆ ಕೊಡುವುದೇ ಸುಲಭವೆಂದು ಕಂಡಿತು.

ಭತ್ಯೆಯಿಂದ ಏನೂ ಆಗಲಿಲ್ಲವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. 2010ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯು ಮೊದಲು ಉತ್ತರದ ಜಿಲ್ಲೆಗಳಿಗೆ ಬಂತು. ಯೋಜನೆಯು ಬಂದ ಮತ್ತು ಬಾರದ ಸೀಮೆಗಳ ಗಡಿಯ ಹಳ್ಳಿಗಳನ್ನು ಹೋಲಿಸಿ ಮಾಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಸತ್ತವರು, ಬಂದ ಕಡೆಯ ಬಡ ಕುಟುಂಬಗಳಲ್ಲಿ ನೂರಕ್ಕೆ 0.32, ಬಾರದ ಕಡೆ 0.90. ಇದು ಸಣ್ಣ ಮಾತಲ್ಲ. ನಮ್ಮ ರಾಜ್ಯವು ಇನ್ನೊಂದು ವಿವೇಕವನ್ನೂ ತೋರಿಸಿತು: ಹಣವನ್ನು ವಿಮಾ ಕಂಪನಿಗೆ ಒಪ್ಪಿಸದೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟೆಂಬ ತನ್ನದೇ ಸಂಸ್ಥೆಯ ಮೂಲಕ ದವಾಖಾನೆಗಳಿಗೆ ನೇರವಾಗಿ ಕೊಟ್ಟಿತು. ನಡುವಿನವನ ಲಾಭವು ಉಳಿಯಿತು. ಕೇರಳವು 2019ರಲ್ಲಿ ಕಂಪನಿಯನ್ನು ನಂಬಿ, ಮರುವರ್ಷವೇ ನಮ್ಮಂತೆ ತಾನೇ ನಡೆಸುವುದಕ್ಕೆ ಹೊರಳಿತು. ತಮಿಳುನಾಡು ಕಂಪನಿಯನ್ನೇ ಇಟ್ಟುಕೊಂಡಿದೆ. ಆದರೆ ಅದು ತನ್ನ ಜಿಲ್ಲೆ ಜಿಲ್ಲೆಗಳಲ್ಲಿ ಸರಕಾರಿ ದವಾಖಾನೆಗಳನ್ನು ಬಲಪಡಿಸಿಕೊಂಡು ಬಂದ ರಾಜ್ಯ. ವಿಮೆಯ ಹಣವು ಅಲ್ಲಿಯ ಸರಕಾರಿ ದವಾಖಾನೆಗಳಿಗೂ ಹೋಗುತ್ತದೆ, ಅಲ್ಲಿಯೇ ಉಳಿದು ಅವನ್ನು ಬೆಳೆಸುತ್ತದೆ.

ಈಗ ಮೂರನೆಯ ಮಹಾಶಯರ ಕಡೆಗೆ ತಿರುಗೋಣ. ಹಣವಿರುವಲ್ಲಿಗೆ ದವಾಖಾನೆಯು ತಾನಾಗಿಯೇ ಬರುತ್ತದೆಂದು ಅವರು ಹೇಳಿದರು. ಬರುತ್ತದೆ, ಆದರೆ ಹಣದ ಜೊತೆಗೆ ಜನವೂ ಒತ್ತಾಗಿರುವ ಕಡೆ ಬರುತ್ತದೆ. 2011ರ ಖಾನೇಷುಮಾರಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ನಾಲ್ಕು ಸಾವಿರದ ಮೇಲೆ ಜನ. ನಮ್ಮ ಉತ್ತರ ಕನ್ನಡದಲ್ಲಿ ಸುಮಾರು 140. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಜಿಲ್ಲೆ, ಹನ್ನೆರಡು ತಾಲೂಕು, ಜನ 14 ಲಕ್ಷ, ಬಹುಪಾಲು ಕಾಡು, ನಡುವೆ ಘಟ್ಟ. ನರರೋಗದ ಶಸ್ತ್ರವೈದ್ಯನನ್ನೂ ಅವನ ಯಂತ್ರಗಳನ್ನೂ ಇಪ್ಪತ್ತನಾಲ್ಕು ಗಂಟೆ ಸಜ್ಜಾಗಿ ಇಡುವುದಕ್ಕೆ ಬೇಕಾದಷ್ಟು ರೋಗಿಗಳು ಇಲ್ಲಿ ಯಾವ ವರ್ತಕನಿಗೂ ಸಿಕ್ಕುವುದಿಲ್ಲ. ಅವನು ಬಾರದಿರುವುದು ಅವನ ಅಪರಾಧವಲ್ಲ, ಅವನ ಲೆಕ್ಕ. ಯಶಸ್ವಿನಿಯು ಹುಟ್ಟಿ ಇಪ್ಪತ್ತು ವರ್ಷಗಳ ಮೇಲಾಯಿತು. ಕಾರ್ಡಿನ ವಾಸನೆ ಹಿಡಿದು ದೊಡ್ಡ ದವಾಖಾನೆಯು ಘಟ್ಟವನ್ನು ಏರಿ ಬರುವುದಾಗಿದ್ದರೆ ಇಷ್ಟರೊಳಗೆ ಬಂದಿರಬೇಕಾಗಿತ್ತು.

ಹೀಗಾಗಿ ನಡೆಯುವುದೇನು? ವರ್ಗಣಿಯು ಸಮ, ದಾರಿಯು ವಿಷಮ. ಹುಬ್ಬಳ್ಳಿಯ ಸದಸ್ಯನೂ 500 ಕೊಡುತ್ತಾನೆ, ಯಲ್ಲಾಪುರದ ಕಾಡಿನೊಳಗಿನ ಸದಸ್ಯನೂ ಅಷ್ಟೇ ಕೊಡುತ್ತಾನೆ. ಒಬ್ಬನಿಗೆ ದವಾಖಾನೆಯು ಬಸ್ಸಿನ ದಾರಿ. ಇನ್ನೊಬ್ಬನು ಬಾಡಿಗೆಯ ಗಾಡಿ, ಕೂಡ ಬಂದವರ ಊಟ, ವಸತಿ, ತಪ್ಪಿದ ದಿನಗೂಲಿ ಇವನ್ನೆಲ್ಲ ತಾನೇ ಹೊರಬೇಕು. ಯಾವ ಕಾರ್ಡಿನಲ್ಲಿಯೂ ಇವುಗಳಿಗೆ ಸ್ಥಳವಿಲ್ಲ. ತೆರಿಗೆಯ ಹಣವೂ ಹಾಗೆಯೇ. ಚಿಕಿತ್ಸೆಯು ನಡೆದ ಊರಿಗೆ ಹೋಗಿ ಸೇರುತ್ತದೆ. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿಗಳ ದವಾಖಾನೆಗಳು ನಮ್ಮ ರೋಗಿಗಳಿಂದ ಬೆಳೆಯುತ್ತವೆ. ಶಿರಸಿಯ ಪಂಡಿತ ಆಸ್ಪತ್ರೆಯು ಪತ್ರ ಬರೆದು ಕಳುಹಿಸುವ ಠಾಣೆಯಾಗಿ ಉಳಿಯುತ್ತದೆ. ಅಲ್ಲಿ ದುಡಿಯುತ್ತಿರುವ ವೈದ್ಯರನ್ನು ನಾನು ನಿಂದಿಸುತ್ತಿಲ್ಲ. ಅವರ ಮೇಲೆ ಬಿದ್ದಿರುವ ಹೊರೆಯನ್ನು ಕಣ್ಣಾರೆ ಕಂಡಿದ್ದೇನೆ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತದ್ದು ವಾಚಕರ ನೆನಪಿನಲ್ಲಿರಬೇಕು. ಬದುಕುವುದಕ್ಕಾಗಿ ಜಿಲ್ಲೆಯನ್ನು ದಾಟಿ ಹೊರಟವರು ಅವರು. ಆಗ ಜಿಲ್ಲೆಯ ತರುಣರೆಲ್ಲ ಒಂದೇ ಕೊರಳಿನಿಂದ ದೊಡ್ಡ ದವಾಖಾನೆಯನ್ನು ಕೇಳಿದರು, 2019ರಲ್ಲಿಯೂ ಕೇಳಿದ್ದರು. ಕುಮಟೆಯಲ್ಲಿ ಕಟ್ಟುವ ಮಾತು ಸರಕಾರದಿಂದ ಬಂತು. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಆದರೆ ಸಿದ್ದಾಪುರದವನಿಗೆ ಕಾರವಾರಕ್ಕಿಂತ ಪರಜಿಲ್ಲೆಯೇ ಹತ್ತಿರ. ಪಂಡಿತ ಆಸ್ಪತ್ರೆಗೆ ಹೊಸ ಕಟ್ಟಡವು ಮಂಜೂರಾದದ್ದನ್ನು ಕೇಳಿ ನಾವು ಸಂತೋಷಪಟ್ಟೆವು. ಗೋಡೆಯನ್ನು ಕಟ್ಟುವುದು ಸುಲಭ. ಹೃದಯದ ವೈದ್ಯನೂ ಅರಿವಳಿಕೆಯ ವೈದ್ಯನೂ ಆ ಗೋಡೆಗಳ ನಡುವೆ ಹತ್ತು ವರ್ಷ ನಿಲ್ಲುವಂತೆ ಮಾಡುವುದು ಕಷ್ಟ. ಅದಕ್ಕೆ ವರ್ಷ ವರ್ಷವೂ ಹಣ ಬೇಕು. ಕಾರ್ಡಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಅಲ್ಲಿಗೆ ತಿರುಗಿಸುವ ಧೈರ್ಯವು ಯಾವ ಸರಕಾರಕ್ಕೂ ಬಂದಿಲ್ಲ. ಕಾರ್ಡಿನ ಮೇಲೆ ಭಾವಚಿತ್ರವನ್ನು ಅಚ್ಚುಹಾಕಬಹುದು. ಅರಿವಳಿಕೆಯ ವೈದ್ಯನ ಮೇಲೆ ಅಚ್ಚುಹಾಕಲಾಗುವುದಿಲ್ಲ.

ಮಂಗನ ಕಾಯಿಲೆಯನ್ನು ನೋಡಿರಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಈ ಜ್ವರವು ನೆರೆಯ ಸಿದ್ದಾಪುರವನ್ನು ಬಿಟ್ಟಿಲ್ಲ. 2019ರಲ್ಲಿ, 2024ರಲ್ಲಿ ಆ ತಾಲೂಕಿನ ಹಳ್ಳಿಗಳು ಮತ್ತೆ ತತ್ತರಿಸಿದವು. ಹಿಂದೆ ಕೊಡುತ್ತಿದ್ದ ಲಸಿಕೆಯು ಸತ್ತ್ವವಿಲ್ಲದ್ದೆಂದು ಕಂಡು 2022ರಲ್ಲಿ ನಿಂತಿತು. ಹೊಸದರ ಪರೀಕ್ಷೆಯು ನಡೆದಿದೆ. ರೋಗವು ಬಲಿತವರನ್ನು ಮಣಿಪಾಲಕ್ಕೆ ಒಯ್ಯುತ್ತಾರೆ, ವೆಚ್ಚವನ್ನು ಸರಕಾರವು ಕೊಡುತ್ತದೆ. ಕೊಡಬೇಕಾದದ್ದೇ. ಆದರೆ ಸತ್ತ ಮಂಗವು ಬಿದ್ದ ದಿನವೇ ಸುದ್ದಿ ಮುಟ್ಟಿಸುವ ಮನುಷ್ಯ, ಸೊಪ್ಪಿಗೆ ದರಕಿಗೆ ಹೋಗುವ ಹೆಂಗಸಿಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ, ರಕ್ತವನ್ನು ಹತ್ತಿರದಲ್ಲಿಯೇ ಪರೀಕ್ಷಿಸುವ ಶಾಲೆ, ಇವು ಯಾವ ವಿಮೆಯ ಪಟ್ಟಿಯಲ್ಲಿಯೂ ಇಲ್ಲ. ಮಳೆಗಾಲದ ಮೊದಲೇ ಬೋರ್ಡೋ ಹೊಡೆಯುವವನು ತೋಟಿಗ. ಕೊಳೆಗೆ ಕಾಯಿ ಉದುರಿದ ಮೇಲೆ ಪರಿಹಾರದ ಅರ್ಜಿಯನ್ನು ಬರೆಯುತ್ತ ಕೂಡುವವನನ್ನು ನಾವು ಏನೆಂದು ಕರೆಯುತ್ತೇವೆ?

ವಿಮೆಯೆಂಬುದು ನಮ್ಮವರಿಗೆ ಅಪರಿಚಿತವೂ ಅಲ್ಲ. ಅಡಿಕೆಗೆ ಹವಾಮಾನದ ವಿಮೆಯನ್ನು ಸೊಸೈಟಿಯ ಮೂಲಕವೇ ತುಂಬುತ್ತೇವೆ. ತೋಟದಲ್ಲಿ ಏನಾಯಿತೆಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಮಳೆಮಾಪಕವು ಏನು ಹೇಳಿತೆಂಬುದೇ ಪ್ರಮಾಣ. ಮಳೆಮಾಪಕವು ಕೆಟ್ಟರೆ ತೋಟಿಗನೂ ಕೆಟ್ಟನು. ಈ ಅನುಭವವಿದ್ದೂ ಮನುಷ್ಯರ ಪ್ರಾಣದ ವಿಷಯದಲ್ಲಿ ಕಾಗದವನ್ನೇ ನಂಬಿರಿ ಎನ್ನುವವರನ್ನು ಕಂಡರೆ ನನಗೆ ಬೆರಗಾಗುತ್ತದೆ.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಎಣಿಸುತ್ತದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ನಮ್ಮ ಕಾಲದವರು ಐದನೆಯದಾಗಿ ಗುಮಾಸ್ತನನ್ನು ಸೇರಿಸಿದ್ದೇವೆ, ಅದು ಅನಿವಾರ್ಯವಿದ್ದೀತು. ಆದರೆ ಮೊದಲಿನ ಮೂರು ಪಾದಗಳನ್ನು ತೆಗೆದು ರೋಗಿಯನ್ನೂ ಗುಮಾಸ್ತನನ್ನೂ ಮಾತ್ರ ಉಳಿಸಿದರೆ ಆ ಪೀಠದ ಮೇಲೆ ಕುಳಿತುಕೊಳ್ಳುವವರು ಯಾರು?

ಯಶಸ್ವಿನಿಯ ಪಕ್ಷವನ್ನು ವಹಿಸಿದ ನಾನು ಅದರ ದೋಷವನ್ನೂ ಹೇಳಬೇಕು. ಅದು ಸದಸ್ಯನ ವಿಮೆ. ನಮ್ಮ ಅಡಿಕೆಯ ಕೊನೆಯನ್ನು ಇಳಿಸುವ ಕೊನೆಗೌಡನು ಸದಸ್ಯನೆ? ಅರುವತ್ತು ಅಡಿಯ ಮರದಿಂದ ಮರಕ್ಕೆ ತೂಗಾಡಿ ದಾಟುವ ಅವನು ಒಂದು ದಿನ ಕೈತಪ್ಪಿ ಬಿದ್ದರೆ ಬೆನ್ನೆಲುಬಿಗೆ ಕೂಡಲೇ ಶಸ್ತ್ರಚಿಕಿತ್ಸೆಯು ಬೇಕು. ಅವನ ಹತ್ತಿರ ಬಿ.ಪಿ.ಎಲ್. ಚೀಟಿಯಿದ್ದರೆ ಸರಿ, ಮಗನು ನೌಕರಿಗೆ ಸೇರಿದನೆಂದು ಅದು ರದ್ದಾಗಿದ್ದರೆ ಅವನು ಎಲ್ಲಿಯೂ ಇಲ್ಲ. ಅವನನ್ನು ಷೇರುದಾರನನ್ನಾಗಿ ಸೇರಿಸಿಕೊಂಡು ಮೊದಲ ವರ್ಷದ ವರ್ಗಣಿಯನ್ನು ತೋಟದ ಧಣಿಗಳು ಕಟ್ಟುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತೇನೆ: ನಾವು ಇದನ್ನು ಇಷ್ಟು ವರ್ಷ ಮಾಡಲಿಲ್ಲ. ಯಲ್ಲಾಪುರದ ಸಿದ್ದಿ ಜನಾಂಗವು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿತು. ಅವರು ಸಂಘದ ಸದಸ್ಯರಾದರೆ ವರ್ಗಣಿಯನ್ನು ಸರಕಾರವೇ ತೆರುತ್ತದೆ. ಸದಸ್ಯರನ್ನಾಗಿ ಮಾಡಿಕೊಳ್ಳಬೇಕಾದವರು ಸಂಘದವರು.

ಸರಕಾರದಿಂದ ನಾನು ಕೇಳುವುದು ಬಹಳವಲ್ಲ. ಯಶಸ್ವಿನಿಯ ನಿಧಿಯನ್ನು ಬೇರೆಯಾಗಿಯೇ ಇಡಲಿ. ಪ್ರತಿ ತಾಲೂಕಿನಿಂದ ಎಷ್ಟು ವರ್ಗಣಿ ಬಂತು, ಆ ತಾಲೂಕಿನ ರೋಗಿಗಳಿಗೆ ಎಷ್ಟು ಸಂದಿತು, ಯಾವ ಊರಿನ ದವಾಖಾನೆಗೆ ಸಂದಿತು ಎಂಬ ಲೆಕ್ಕವನ್ನು ಪ್ರತಿವರ್ಷವೂ ಸಂಘಗಳಿಗೆ ಕಳುಹಿಸಲಿ. ಆ ಲೆಕ್ಕವು ಒಂದು ಸಲ ಜಗಲಿಯ ಮೇಲೆ ಓದಿಸಲ್ಪಟ್ಟರೆ ಮೂರನೆಯ ಮಹಾಶಯರೊಡನೆ ನಾನು ವಾದಿಸಬೇಕಾಗಿಲ್ಲ. ಚಿಕಿತ್ಸೆಯ ದರಗಳನ್ನು ಕಾಲಕಾಲಕ್ಕೆ ತಿದ್ದಲಿ. ಹಳೆಯ ದರಕ್ಕೆ ಒಪ್ಪದ ದವಾಖಾನೆಯು ಕಾರ್ಡು ತಂದವನಿಗೆ ಹಾಸಿಗೆಯಿಲ್ಲವೆಂದು ಹೇಳುವುದನ್ನು ಎಲ್ಲರೂ ಬಲ್ಲರು. ಮತ್ತು ನಮ್ಮ ಜಿಲ್ಲೆಯಿಂದ ಹೊರಕ್ಕೆ ಹರಿಯುವ ಹಣದಷ್ಟನ್ನಾದರೂ ಜಿಲ್ಲೆಯೊಳಗಿನ ಸರಕಾರಿ ದವಾಖಾನೆಯ ವೈದ್ಯರ ಸಂಬಳಕ್ಕೆ, ಅವರ ಮಕ್ಕಳ ಶಾಲೆಗೆ, ಮನೆಗೆ ಎಂದು ಹತ್ತು ವರ್ಷಗಳ ಮಟ್ಟಿಗೆ ಎತ್ತಿಡಲಿ.

ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕದ ವಿಷಯವಾಗಿ ಒಂದು ಠರಾವನ್ನು ಮಂಡಿಸುವೆನೆಂದು ಸೆಕ್ರೆಟರಿಗೆ ಬರೆದುಕೊಟ್ಟಿದ್ದೇನೆ. ಅನುಮೋದಿಸುವುದಕ್ಕೆ, ವಿಮೆಯನ್ನು ಜೂಜೆಂದು ಕರೆದ ಹಿರಿಯರೇ ಒಪ್ಪಿದ್ದಾರೆ. ಅವರು ಈ ಸಲದ 500 ರೂಪಾಯಿಯನ್ನೂ ಕಟ್ಟಿದರು. ತಮ್ಮ ತೋಟದ ಕೊನೆಗೌಡನ ಹೆಸರಿನಲ್ಲಿ ಷೇರಿನ ಅರ್ಜಿಯನ್ನು ನನ್ನ ಕೈಯಿಂದಲೇ ಬರೆಸಿಕೊಂಡು ಹೋದರು.